ಉಪ್ಪಿಗೆ ಹೆದರದ ಚಿನ್ನ

ಮಂಗಳವಾರ ಬೆಳಿಗ್ಗೆ ಒಂಬತ್ತೂವರೆಗೆ ಬಿಳಿ ಕೋಟು ತೊಟ್ಟ ಹಿರಿಯರೊಬ್ಬರು ಠಾಣೆಯ ಬಾಗಿಲಲ್ಲಿ ಏದುಸಿರು ಬಿಡುತ್ತ ನಿಂತು, "ಚಿನ್ನ ಕಳುವಾಗಿದೆ," ಎಂದರು. ಆ ಒಂದು ಮಾತಿಗೆ ಒಳಗಿದ್ದ ಪೇದೆಗಳೆಲ್ಲ ಒಟ್ಟಿಗೆ ಎದ್ದುನಿಂತ ರಭಸಕ್ಕೆ ಎದುರು ಬೀದಿಯ ಕನ್ನಡಕದ ಅಂಗಡಿಯ ಗಾಜುಗಳು ಗಡಗಡ ನಡುಗಿದವು.

ದೂರು ಬರೆದುಕೊಳ್ಳಲು ಕುಳಿತವನು ಏಣಿ. ಠಾಣೆಯ ಫ್ಯಾನು ಕೆಟ್ಟರೆ ಕುರ್ಚಿಯಿಂದ ಏಳದೆಯೇ ರಿಪೇರಿ ಮಾಡುವಷ್ಟು ಉದ್ದದ ಪೇದೆಗೆ ಬೇರೆ ಹೆಸರಾದರೂ ಯಾಕೆ ಬೇಕು?

"ಎಷ್ಟು ತೂಕ?" ಎಂದ ಏಣಿ.

"ತೂಕ ಅಂತ ಏನೂ ಇಲ್ಲ. ಒಂದು ಪುಟ್ಟ ಸೀಸೆ. ನೀರಿನ ಥರ ಇರುತ್ತೆ."

"ಚಿನ್ನ, ನೀರಿನ ಥರ. ಬಣ್ಣ?"

"ಕೆಂಪು."

ಏಣಿ ಪೆನ್ನು ಕೆಳಗಿಟ್ಟ. "ಸಾರ್, ತಪ್ಪು ತಿಳ್ಕೋಬೇಡಿ. ಬೆಳಿಗ್ಗೆ ತಿಂಡಿ ಆಯ್ತಾ ನಿಮ್ದು?"

ಒಳಗಿನ ಕೋಣೆಯಿಂದ ಇನ್ಸ್‌ಪೆಕ್ಟರ್ ಹೊರಗೆ ಬಂದರು. ಈಕೆಗೆ ಬೆನ್ನ ಹಿಂದೆ ಎಲ್ಲರೂ ಕರೆಯುವ ಹೆಸರು ಸುತ್ತಿಗೆ. ಒಂದೇ ಜಾಗಕ್ಕೆ ಹೊಡೆಯುತ್ತಾರೆ, ಮೆಲ್ಲಗೆ ಹೊಡೆಯುತ್ತಾರೆ, ತೆರೆದುಕೊಳ್ಳುವವರೆಗೂ ಬಿಡುವುದಿಲ್ಲ. ಹಿಂದೊಮ್ಮೆ ಈಕೆ ಸುಮ್ಮನೆ ದಿಟ್ಟಿಸಿದ್ದಕ್ಕೇ ಒಬ್ಬ ಕಳ್ಳ ತಾನು ಇನ್ನೂ ಮಾಡಿರದ ಕಳ್ಳತನವನ್ನೂ ಸೇರಿಸಿ ಒಪ್ಪಿಕೊಂಡುಬಿಟ್ಟಿದ್ದ.

"ಡಾಕ್ಟ್ರೇ, ಕೂತ್ಕೊಳ್ಳಿ. ಮೊದಲಿಂದ ಹೇಳಿ."

ಬಂದವರು ಊರಂಚಿನ ಕ್ಯಾನ್ಸರ್ ಆಸ್ಪತ್ರೆಯ ಸಂಶೋಧನಾ ವಿಭಾಗದ ಮುಖ್ಯಸ್ಥರು, ಅಲ್ಲಿಯವರ ಬಾಯಲ್ಲಿ ದೊಡ್ಡ ಡಾಕ್ಟರು. ಅವರು ಮೊದಲಿಂದ ಹೇಳಿದರು. ಅಷ್ಟು ಹೊತ್ತಿನಲ್ಲಿ ಒಂದು ಹೊಸ ಠಾಣೆ ಕಟ್ಟಿ ಸುಣ್ಣ ಬಳಿದು ಮುಗಿಸಬಹುದಿತ್ತು. ಸುತ್ತಿಗೆ ನಡುವೆ ಬಾಯಿ ಹಾಕದೆ ಕೇಳಿ, ಕೊನೆಗೆ ಅದನ್ನೆಲ್ಲ ಅಂಗೈಯಲ್ಲಿ ಹಿಡಿಯುವಷ್ಟು ಮಾಡಿದರು.

"ಅಂದ್ರೆ ಚಿನ್ನವನ್ನ ಕಣ್ಣಿಗೆ ಕಾಣದಷ್ಟು ಸಣ್ಣ ಮಾಡ್ತೀರಿ. ನ್ಯಾನೋ ಕಣ. ಅಷ್ಟು ಸಣ್ಣಗಾದ್ರೆ ಅದು ಹಳದಿ ಬಿಟ್ಟು ಕೆಂಪಗೆ ಕಾಣುತ್ತೆ. ಆ ಕಣಕ್ಕೆ ಪ್ರತಿಕಾಯದ ಅಂಗಿ ತೊಡಿಸ್ತೀರಿ. ಅಂಗಿಗೆ ಕೊಕ್ಕೆ ಇದೆ, ಕ್ಯಾನ್ಸರ್ ಕೋಶ ಸಿಕ್ಕಿದ್ರೆ ಹೋಗಿ ತಗುಲಿಕೊಳ್ಳುತ್ತೆ. ಆಮೇಲೆ ಹೊರಗಿಂದ ಬೆಳಕು ಬಿಟ್ರೆ ಚಿನ್ನ ಕಾಯುತ್ತೆ, ಗಡ್ಡೆ ಸುಡುತ್ತೆ. ಸರಿನಾ?"

"ನಮ್ಮ ವಿದ್ಯಾರ್ಥಿಗಳೂ ಇಷ್ಟು ಬೇಗ..."

"ಕಳುವಾಗಿದ್ದು ಗೊತ್ತಾಗಿದ್ದು ಹೇಗೆ?"

"ಉಪ್ಪಿನಿಂದ," ಎಂದರು ದೊಡ್ಡ ಡಾಕ್ಟರು. ಔಷಧಿ ರೋಗಿಗೆ ಹೋಗುವ ಮುಂಚೆ ಅದರ ಒಂದು ಹನಿಯನ್ನು ಬಿಳಿ ಬಿಲ್ಲೆಯ ಮೇಲಿಟ್ಟು ಉಪ್ಪುನೀರು ಬೆರೆಸುತ್ತಾರೆ. ಅಂಗಿ ಸರಿಯಾಗಿ ಕೂತಿದ್ದರೆ ಹನಿ ಕೆಂಪಗೇ ಉಳಿಯುತ್ತದೆ. ಅಂಗಿಯಿಲ್ಲದ ಬತ್ತಲೆ ಚಿನ್ನ ಉಪ್ಪು ತಾಗಿದೊಡನೆ ಹೆದರಿ ಒಂದಕ್ಕೊಂದು ಅಂಟಿಕೊಂಡು ನೀಲಿಗಟ್ಟುತ್ತದೆ. ಇಂದು ಬೆಳಿಗ್ಗೆ ಹನಿ ನೀಲಿಯಾಗಿತ್ತು. ಯಾರೋ ಅಂಗಿ ತೊಟ್ಟ ಚಿನ್ನವನ್ನು ತೆಗೆದು ಅದೇ ಸೀಸೆಗೆ ಬತ್ತಲೆ ಚಿನ್ನ ತುಂಬಿಟ್ಟಿದ್ದರು.

"ಆ ಸೀಸೆ ಯಾರದ್ದು?"

"ಒಬ್ಬ ಬಸ್ ಕಂಡಕ್ಟರು. ಗಂಟಲಲ್ಲಿ ಗಡ್ಡೆ. ಈ ವಾರದೊಳಗೆ ಕೊಡದಿದ್ರೆ ಶ್ವಾಸನಾಳಕ್ಕೆ ಇಳಿಯುತ್ತೆ. ಆಮೇಲೆ ಕತ್ತರಿಸೋದೊಂದೇ ದಾರಿ, ಧ್ವನಿ ಪೂರ್ತಿ ಹೋಗುತ್ತೆ."

"ಬರ್ಕೋ," ಎಂದರು ಸುತ್ತಿಗೆ ಏಣಿಗೆ. "ಎಫ್‌ಐಆರ್ ಹಾಕು. ತೂಕದ ಕಡೆ 'ಒಬ್ಬ ಮನುಷ್ಯನ ಗಂಟಲು' ಅಂತ ಬರಿಯೋಕಾಗಲ್ಲ. 'ಒಂದು ಸೀಸೆ' ಅಂತಲೇ ಬರಿ."

ಪ್ರಯೋಗಾಲಯ ಆಸ್ಪತ್ರೆಯ ಹಿಂಭಾಗದಲ್ಲಿತ್ತು. ಒಳಗೆ ಹೋದರೆ ಏಣಿಯಂಥವನೂ ಸ್ವರ ತಗ್ಗಿಸಿ ಮಾತಾಡುವಷ್ಟು ಚೊಕ್ಕಟ. ನೆಲ ಎಷ್ಟು ಹೊಳೆಯುತ್ತಿತ್ತೆಂದರೆ ಅವನು ತನ್ನ ಪ್ರತಿಬಿಂಬಕ್ಕೇ ಒಮ್ಮೆ ಸಲ್ಯೂಟ್ ಹೊಡೆದ. ಕ್ಯಾಂಟೀನಿನ ಅಡುಗೆಯವರನ್ನೂ ಲಿಫ್ಟ್ ನಡೆಸುವವರನ್ನೂ ಪಂಚರನ್ನಾಗಿ ನಿಲ್ಲಿಸಿ ಪಂಚನಾಮೆ ನಡೆಯಿತು. ತಂಪು ಕಪಾಟಿನ ಬೀಗ ಒಡೆದಿರಲಿಲ್ಲ. ನೀಲಿ ಹನಿ ಇದ್ದ ಬಿಲ್ಲೆ, ಉಳಿದ ದ್ರವವಿದ್ದ ಸೀಸೆ ಜಪ್ತಿಯಾದವು. ಬೆರಳಚ್ಚು ಸಿಗಲಿಲ್ಲ, ಅಲ್ಲಿ ಎಲ್ಲರೂ ಕೈಗವಸು ಹಾಕಿಕೊಂಡೇ ಹುಟ್ಟಿದವರ ಹಾಗೆ ಓಡಾಡುತ್ತಿದ್ದರು.

ಕಪಾಟು ತೆರೆಯುವ ಅಧಿಕಾರ ಇದ್ದದ್ದು ಮೂವರಿಗೆ. ಒಬ್ಬರು ಉಪ್ಪಿನ ಪರೀಕ್ಷೆ ಮಾಡುವ ಚಿಕ್ಕ ಡಾಕ್ಟರು. ಇನ್ನೊಬ್ಬ ಉಗ್ರಾಣದ ಬೀಗದಣ್ಣ. ಅವನ ಸೊಂಟದ ಕೀಲಿಗೊಂಚಲು ಅಲ್ಲಾಡಿದರೆ ಮೂರನೆಯ ಮಹಡಿಯ ರೋಗಿಗಳು ಬೆಂಕಿ ಆರಿಸುವ ಗಾಡಿ ಬಂತೆಂದು ಎದ್ದು ಕೂರುತ್ತಿದ್ದರು. ಮೂರನೆಯವಳು ಚಿನ್ನದ ಕಣಕ್ಕೆ ಪ್ರತಿಕಾಯ ತೊಡಿಸುವ ಟೆಕ್ನಿಷಿಯನ್. ಅಂಗಿ ತೊಡಿಸುವವಳಾದ್ದರಿಂದ ಇಡೀ ಆಸ್ಪತ್ರೆ ಅವಳನ್ನು ದರ್ಜಿ ಎನ್ನುತ್ತಿತ್ತು. ಅವಳು ತೊಡಿಸಿದ ಅಂಗಿ ಸಮುದ್ರವನ್ನೇ ತಂದು ಸುರಿದರೂ ಕಳಚುವುದಿಲ್ಲ ಎಂಬುದು ಅಲ್ಲಿಯ ಮಾತು.

ಸುತ್ತಿಗೆ ಚಿಕ್ಕ ಡಾಕ್ಟರನ್ನು ಮೊದಲು ಕರೆದರು.

"ಎಲ್ಲ ರೋಗಿಗಳಿಗೂ ಇದೇ ಔಷಧಿನಾ?"

"ಇಲ್ಲ ಮೇಡಂ. ಅರ್ಧ ಜನಕ್ಕೆ ಚಿನ್ನ, ಅರ್ಧ ಜನಕ್ಕೆ ಬರೀ ಕೆಂಪು ಬಣ್ಣದ ನೀರು. ಯಾರಿಗೆ ಯಾವುದು ಅಂತ ಕಂಪ್ಯೂಟರ್ ಚೀಟಿ ಎತ್ತುತ್ತೆ. ರೋಗಿಗಳಿಗೂ ನರ್ಸ್‌ಗಳಿಗೂ ಗೊತ್ತಿರಲ್ಲ. ಇಲ್ಲಿ ನಮಗೆ ಮಾತ್ರ ಗೊತ್ತು."

"ಬಣ್ಣದ ನೀರಿಗೂ ಉಪ್ಪು ಹಾಕ್ತೀರಾ?"

"ಲೆಕ್ಕಕ್ಕೆ ಹಾಕ್ತೀವಿ. ಅದು ಏನು ಹಾಕಿದ್ರೂ ಕೆಂಪಗೇ ಇರುತ್ತೆ."

ಸುತ್ತಿಗೆ 'ಹೂಂ' ಎಂದರು. ಆ 'ಹೂಂ' ಒಳಗೆ ಏನೋ ಮಡಿಚಿಟ್ಟುಕೊಂಡರೆಂದು ಏಣಿಗೆ ತಿಳಿಯಿತು. ಏನೆಂದು ತಿಳಿಯಲಿಲ್ಲ.

ದರ್ಜಿ ಕೆಲಸ ನಿಲ್ಲಿಸದೆಯೇ ಉತ್ತರ ಕೊಟ್ಟಳು. ಮುಂದೆ ಗಾಜಿನ ಪಾತ್ರೆಯಲ್ಲಿ ಕೆಂಪು ದ್ರವ ಗಿರಗಿರ ತಿರುಗುತ್ತಿತ್ತು.

"ಏನಮ್ಮ ಇದು?"

"ಕಂಡಕ್ಟರಣ್ಣನಿಗೆ ಇನ್ನೊಂದು ಸೀಸೆ. ಪ್ರತಿಕಾಯ ಇನ್ನೊಂದು ಸಲಕ್ಕಾಗುವಷ್ಟೇ ಉಳಿದಿದೆ. ಅಂಗಿ ಕೂರೋಕೆ ಗುರುವಾರ ಆಗುತ್ತೆ."

"ಕೂರದಿದ್ರೆ?"

"ಕೂರುತ್ತೆ."

ಸಂಜೆ ಮೇಲಿನವರಿಂದ ಫೋನು ಬಂತು. ಆಸ್ಪತ್ರೆಯ ಹೆಸರು ಬೀದಿಗೆ ಬರಬಾರದು, ಕೀಲಿ ಉಗ್ರಾಣದವನ ಹತ್ತಿರ ಇತ್ತಲ್ಲ, ಅವನನ್ನೇ ಒಳಗೆ ಹಾಕಿ ಮುಗಿಸಿ, ದೊಡ್ಡ ಡಾಕ್ಟರಿಗೂ ಅದೇ ಅನುಮಾನ. ಅಷ್ಟನ್ನೂ ಸುತ್ತಿಗೆ ನಿಂತುಕೊಂಡೇ ಕೇಳಿದರು.

"ಸಾಹೇಬ್ರೇ, ನಮ್ಮ ಠಾಣೆ ಕೀಲಿ ನನ್ನ ಹತ್ತಿರ ಇದೆ. ಹಾಗಂತ ಇಲ್ಲಿ ಬಂದು ಹೋದ ಕಳ್ಳರೆಲ್ಲ ನಾನೇನಾ? ಕೀಲಿ ಇದ್ದೋನನ್ನ ಹಿಡಿಯೋಕೆ ಇನ್ಸ್‌ಪೆಕ್ಟರ್ ಯಾಕೆ, ಬೀಗ ರಿಪೇರಿಯವನೇ ಸಾಕು."

ಆ ಕಡೆಯಿಂದ ಬಂದ ಬೈಗುಳಕ್ಕೆ ಫೋನಿನ ತಂತಿ ಕೆಂಪಗೆ ಕಾದಿತ್ತು. ಸುತ್ತಿಗೆ ರಿಸೀವರನ್ನು ಮೆಲ್ಲಗೆ ಕೆಳಗಿಟ್ಟು, "ಏಣಿ, ಚಹಾ ತರಿಸು," ಎಂದರು.

ಬುಧವಾರ ಬೆಳಿಗ್ಗೆ ಅವರು ಏಣಿಯ ಕಿವಿಯಲ್ಲಿ ಏನೋ ಹೇಳಿ ಅವನನ್ನು ಓಡಿಸಿ, ತಾವು ಪ್ರಯೋಗಾಲಯದ ಮೂಲೆಯಲ್ಲಿ ಕುಳಿತರು. ಮೂವರೂ ತಮ್ಮ ತಮ್ಮ ಕೆಲಸದಲ್ಲಿದ್ದರು. ಸ್ವಲ್ಪ ಹೊತ್ತಿಗೆ ಏಣಿ ಬಾಗಿಲನ್ನು ದಡಾರನೆ ತಳ್ಳಿಕೊಂಡು ಬಂದ. ಕೈಯಲ್ಲಿ ಕೆಂಪು ದ್ರವದ ಸೀಸೆ.

"ಸಿಕ್ತು ಮೇಡಂ! ಕದ್ದ ಚಿನ್ನ ಸಿಕ್ತು! ಮೆಟ್ಟಿಲ ಕೆಳಗೆ ತಣ್ಣನೆ ಡಬ್ಬದಲ್ಲಿ ಬಚ್ಚಿಟ್ಟಿದ್ರು!"

ಅದು ಕ್ಯಾಂಟೀನಿನಲ್ಲಿ ತುಂಬಿಸಿ ತಂದ ದಾಳಿಂಬೆ ಶರಬತ್ತು. ದಾರಿಯಲ್ಲಿ ಅದರ ಕಾಲುಭಾಗವನ್ನು ಏಣಿಯೇ ಕುಡಿದಿದ್ದ.

ಚಿಕ್ಕ ಡಾಕ್ಟರು ಕುರ್ಚಿ ಬೀಳಿಸಿಕೊಂಡೇ ಎದ್ದು ಬಿಳಿ ಬಿಲ್ಲೆ ಹುಡುಕಿದರು. "ಉಪ್ಪು! ಉಪ್ಪುನೀರು ಎಲ್ಲಿ?" ಬೀಗದಣ್ಣ ಕೀಲಿಗೊಂಚಲು ಝಣಝಣಿಸುತ್ತ ಉಪ್ಪುನೀರಿನ ಬಾಟಲಿ ಹಿಡಿದು ಓಡಿಬಂದ. "ತಗೊಳ್ಳಿ ಡಾಕ್ಟ್ರೇ, ಹಾಕಿ, ಹಾಕಿ! ಆ ಕಂಡಕ್ಟರಣ್ಣನ ಪುಣ್ಯ ದೊಡ್ಡದು!"

ದರ್ಜಿ ಮಾತ್ರ ಒಮ್ಮೆ ಸೀಸೆಯತ್ತ ನೋಡಿ, ಮತ್ತೆ ತನ್ನ ತಿರುಗುವ ಪಾತ್ರೆಯತ್ತ ತಲೆ ಬಗ್ಗಿಸಿದಳು.

ಸುತ್ತಿಗೆಗೆ ಅಷ್ಟು ಸಾಕಾಗಿತ್ತು. ಕದ್ದದ್ದು ಎಲ್ಲಿದೆಯೆಂದು ತಿಳಿಯದವರು ಉಪ್ಪಿಗೆ ಓಡುತ್ತಾರೆ. ಅದು ಇನ್ನು ಸಿಗುವುದೇ ಇಲ್ಲವೆಂದು ತಿಳಿದವಳು ಯಾಕೆ ಓಡಿಯಾಳು?

ಆದರೆ ತಲೆ ಬಗ್ಗಿಸಿದಳೆಂದು ಯಾರ ಕೈಗೂ ಕೋಳ ಹಾಕಲಾಗುವುದಿಲ್ಲ. ಚಿನ್ನ ಹೋದದ್ದಾದರೂ ಎಲ್ಲಿಗೆ? ಸುತ್ತಿಗೆ ಎದ್ದು ಸೀರೆಯ ಸೆರಗು ಕೊಡವುವವರ ಹಾಗೆ ಖಾಕಿ ಅಂಗಿ ಕೊಡವಿಕೊಂಡರು. "ಬಾಮ್ಮ, ಆ ಕಂಡಕ್ಟರನ್ನ ನೋಡ್ಕೊಂಡು ಬರೋಣ. ದಾರಿ ತೋರಿಸು."

ವಾರ್ಡು ಉದ್ದವಾಗಿತ್ತು. ಮೊದಲು ಹೆಂಗಸರ ಸಾಲು, ಮರದ ಪರದೆಯಾಚೆ ಗಂಡಸರ ಸಾಲು. ದರ್ಜಿ ಮುಂದೆ ನಡೆಯುತ್ತ ಎರಡೂ ಕಡೆ ಮಾತಾಡಿಸುತ್ತಿದ್ದಳು. "ಅಕ್ಕಾ, ನಿದ್ದೆ ಬಂತಾ ನಿಮಗೆ?" "ಅಕ್ಕಾ, ಮಾತ್ರೆ ತಗೊಂಡ್ರಾ?" ಕಿಟಕಿಯ ಪಕ್ಕದ ಹಾಸಿಗೆಯಲ್ಲಿ ಕತ್ತಿಗೆ ಸೀಟಿ ನೇತುಹಾಕಿಕೊಂಡ ಅಗಲ ಭುಜದ ಹೆಂಗಸೊಬ್ಬಳು ಕೂತು, ಅಕ್ಕಪಕ್ಕದವರಿಂದ ಕೈ ಮೇಲೆತ್ತಿಸಿ ಇಳಿಸಿ ವ್ಯಾಯಾಮ ಮಾಡಿಸುತ್ತಿದ್ದಳು. ಈಜು ಕಲಿಸುವವಳು. ಅರ್ಧ ಊರನ್ನು ನೀರಿಗೆ ತಳ್ಳಿದವಳು, ತಳ್ಳಿದವರಲ್ಲಿ ಒಬ್ಬರನ್ನೂ ಮುಳುಗಲು ಬಿಡದವಳು. ಗಡ್ಡೆ ಅವಳ ದನಿಯನ್ನು ತಿಂದಿತ್ತು, ಈಗ ಸೀಟಿಯೇ ಅವಳ ದನಿ.

ಅವಳ ಹೊದಿಕೆ ಕಾಲಿನಿಂದ ಜಾರಿತ್ತು. ದರ್ಜಿ ನಡೆಯುತ್ತಲೇ ಬಗ್ಗಿ ಅದನ್ನೆತ್ತಿ, "ಹೊದ್ಕೋ ಅಕ್ಕಾ, ಶೀತ ಆಗುತ್ತೆ ನಿಂಗೆ," ಎಂದು ಮುಂದೆ ಹೋದಳು.

ಸುತ್ತಿಗೆ ನಿಂತುಬಿಟ್ಟರು. ಹಿಂದೆ ಬರುತ್ತಿದ್ದ ಏಣಿ ಅವರಿಗೆ ಢಿಕ್ಕಿ ಹೊಡೆಯದೆ ಉಳಿಯಲು ಅರ್ಧ ಮಡಚಿಕೊಳ್ಳಬೇಕಾಯಿತು.

ವಾರ್ಡಿನಲ್ಲಿ ಎಲ್ಲ ಹೆಂಗಸರೂ ಅಕ್ಕಂದಿರೇ. ಅಕ್ಕ ಎಂಬುದು ಗಾಳಿಯ ಹಾಗೆ, ಅದರಿಂದ ಯಾರ ನೆಂಟಸ್ತಿಕೆಯೂ ತಿಳಿಯುವುದಿಲ್ಲ. ಆದರೆ ಉಳಿದ ಅಕ್ಕಂದಿರಿಗೆಲ್ಲ 'ನಿಮಗೆ', ಈ ಅಕ್ಕನೊಬ್ಬಳಿಗೆ 'ನಿಂಗೆ'. ಊರ ಅಕ್ಕನನ್ನು ಯಾರೂ ಏಕವಚನದಲ್ಲಿ ಬೈದು ಹೊದಿಸುವುದಿಲ್ಲ. ಒಂದೇ ತಟ್ಟೆಯಲ್ಲಿ ಉಂಡು ಜಗಳವಾಡಿದವರು ಮಾತ್ರ ಹಾಗೆ ಹೊದಿಸುತ್ತಾರೆ.

ಪರದೆಯಾಚೆ ಕಂಡಕ್ಟರು ಸುತ್ತಿಗೆಯನ್ನು ನೋಡಿ, ಕೀರಲು ದನಿಯಲ್ಲೇ, "ಬನ್ನಿ ಮೇಡಂ, ಸೀಟು ಖಾಲಿ ಇದೆ," ಎಂದರು. ಒಂದು ಕಾಲಕ್ಕೆ ಇವರು 'ರೈಟ್' ಎಂದರೆ ಅಕ್ಕಪಕ್ಕದ ರಸ್ತೆಯ ಬಸ್ಸುಗಳೂ ಹೊರಟುಬಿಡುತ್ತಿದ್ದವು.

"ಹೇಗಿದ್ದೀರಿ?"

"ನನ್ನ ಸ್ಟಾಪ್ ಇನ್ನೂ ಬಂದಿಲ್ಲ. ಅದು ಬಂದಾಗ ನಾನೇ ಸೀಟಿ ಊದ್ತೀನಿ. ಬೇರೆ ಯಾರಾದ್ರೂ ಊದಿದ್ರೆ ಇಳಿಯೋ ಮಗ ನಾನಲ್ಲ."

ದರ್ಜಿ ಮುಖ ಆ ಕಡೆ ತಿರುಗಿಸಿಕೊಂಡಳು.

ಉಳಿದದ್ದು ಠಾಣೆಯ ಕೆಲಸ. ಏಣಿ ಬೀದಿ ಬೀದಿ ಅಲೆದು, ಈಜುಕೊಳದ ಕಾವಲುಗಾರನಿಂದ ಹೇಳಿಕೆ ಬರೆಸಿಕೊಂಡು ಬಂದ. ತಂದೆತಾಯಿ ಹೋದ ಮೇಲೆ ತಂಗಿಯನ್ನು ಸಾಕಿ ಓದಿಸಿದವಳು ಈ ಅಕ್ಕನೇ. ಸಿಬ್ಬಂದಿಯ ಮನೆಯವರು ಪ್ರಯೋಗದಲ್ಲಿ ಸೇರುವಂತಿಲ್ಲ, ಅದಕ್ಕೇ ಇಬ್ಬರೂ ನಂಟು ಮುಚ್ಚಿಟ್ಟಿದ್ದರು. ಚೀಟಿಯಲ್ಲಿ ಅಕ್ಕನಿಗೆ ಬಂದದ್ದು ಬಣ್ಣದ ನೀರೆಂದು ಚಿಕ್ಕ ಡಾಕ್ಟರು ಬಾಯಿಬಿಟ್ಟರು. ಅವಳಿಗೆ ಸೂಜಿ ಹಾಕಿದ್ದು ಸೋಮವಾರ, ಕಂಡಕ್ಟರ ಸರದಿ ಇದ್ದದ್ದು ಮಂಗಳವಾರ.

ಗುರುವಾರ ಮಧ್ಯಾಹ್ನ ಸುತ್ತಿಗೆ ಪಂಚರೊಡನೆ ಪ್ರಯೋಗಾಲಯಕ್ಕೆ ಬಂದಾಗ ದೊಡ್ಡ ಡಾಕ್ಟರೂ ಅಲ್ಲಿದ್ದರು. ದರ್ಜಿ ಪಾತ್ರೆಯ ಮುಂದೆ ನಿಂತಿದ್ದಳು.

"ಕಿಟಕಿ ಪಕ್ಕದ ಹೆಂಗಸು ನಿನಗೇನಾಗಬೇಕು?"

"ಅಕ್ಕ."

"ಎಂಥ ಅಕ್ಕ?"

ದರ್ಜಿ ಕೈಗವಸು ಬಿಚ್ಚಿಟ್ಟಳು. "ಒಡಹುಟ್ಟಿದ ಅಕ್ಕ. ಸುತ್ತಿ ಬಳಸಿ ಕೇಳಬೇಡಿ ಮೇಡಂ. ನಾನೇ ಕದ್ದೆ. ಅವಳ ಸೀಸೇಲಿದ್ದ ಬಣ್ಣದ ನೀರು ಚೆಲ್ಲಿ ಕಂಡಕ್ಟರಣ್ಣನ ಚಿನ್ನ ತುಂಬಿದೆ. ಅವಳಿಗೆ ಏನೂ ಗೊತ್ತಿಲ್ಲ."

"ಉಪ್ಪು ತಿಂದ ಮನೆಗೆ ದ್ರೋಹ ಮಾಡಿದೆಯಲ್ಲೇ!" ಎಂದು ಕೂಗಿದರು ದೊಡ್ಡ ಡಾಕ್ಟರು. "ಚೀಟಿ ಎತ್ತದೆ ಔಷಧಿ ಫಲ ಕೊಡುತ್ತೋ ಇಲ್ವೋ ಹೇಗೆ ಗೊತ್ತಾಗೋದು? ಇದು ಗುಣ ಮಾಡುತ್ತೆ ಅಂತ ಇನ್ನೂ ಯಾರಿಗೂ ಗೊತ್ತಿಲ್ಲ. ನಾಳೆ ಬರೋ ಸಾವಿರ ಜನಕ್ಕೆ ಏನು ಉತ್ತರ ಹೇಳಲಿ?"

"ನಾಳೆ ಬರೋರಿಗೆ ನೀವು ಉತ್ತರ ಹೇಳಿ ಸಾರ್. ಇವತ್ತು ಮಲಗಿರೋಳಿಗೆ ನಾನು ಹೇಳಿದ್ದೀನಿ. ನನ್ನ ಕೈಯಾರೆ ಅಂಗಿ ಹೊಲಿದು, ನನ್ನ ಕೈಯಾರೆ ನನ್ನ ಅಕ್ಕನಿಗೆ ಬಣ್ಣದ ನೀರು ಕಳಿಸಬೇಕಿತ್ತಾ? ಕ್ಷಮೆ ಕೇಳಲ್ಲ. ಉಪ್ಪು ತಿಂದಿದ್ದೀನಿ, ನೀರು ಕುಡೀತೀನಿ."

"ಮಂಗಳವಾರವೇ ಯಾಕೆ ಹೇಳಲಿಲ್ಲ?" ಎಂದರು ಸುತ್ತಿಗೆ.

"ಹೇಳಿದ್ರೆ ಮಂಗಳವಾರವೇ ಎಳ್ಕೊಂಡು ಹೋಗ್ತಿದ್ರಿ. ಕಂಡಕ್ಟರಣ್ಣನ ಅಂಗಿ ಹೊಲಿಯೋರು ಯಾರು?" ಅವಳು ಪಾತ್ರೆ ತೋರಿಸಿದಳು. "ಬೀಗದಣ್ಣನ್ನ ಹಿಡಿದಿದ್ರೆ ಮಾತ್ರ ಇದನ್ನೂ ಬಿಟ್ಟು ಓಡಿಬರ್ತಿದ್ದೆ. ಈಗ ಆಗಿದೆ. ಉಪ್ಪು ಹಾಕಿ ನೋಡಿ. ನೀಲಿ ಆದ್ರೆ ಒಂದಕ್ಕೆ ಎರಡು ಕೋಳ ಹಾಕಿ."

"ಈ ಕಳ್ಳಿ ಮಾಡಿದ್ದನ್ನ ರೋಗಿಗೆ ಕೊಡೋದಾ?" ಎಂದರು ದೊಡ್ಡ ಡಾಕ್ಟರು.

"ರೋಗಿಯನ್ನೇ ಕೇಳೋಣ," ಎಂದರು ಸುತ್ತಿಗೆ.

ಗಾಲಿಕುರ್ಚಿಯಲ್ಲಿ ಬಂದ ಕಂಡಕ್ಟರಿಗೆ ನಡೆದದ್ದನ್ನೆಲ್ಲ ಹೇಳಿದ್ದಾಯಿತು. ಅವರು ದರ್ಜಿಯ ಕಡೆಗೆ ಕುರ್ಚಿ ತಿರುಗಿಸಿಕೊಂಡರು.

"ನನ್ನ ಟಿಕೆಟ್ಟು ನಿಮ್ಮಕ್ಕನಿಗೆ ಕೊಟ್ಟೆಯಾ?"

"ಕೊಟ್ಟೆ ಅಣ್ಣ."

"ಇಷ್ಟು ವರ್ಷ ಟಿಕೆಟ್ಟಿಲ್ಲದೆ ಹತ್ತಿದವರನ್ನ ಸಾವಿರಾರು ಜನ ಇಳಿಸಿದ್ದೀನಿ ನಾನು. ನಿನ್ನಂಥ ಗಟ್ಟಿಗಿತ್ತಿನ ನೋಡಿರಲಿಲ್ಲ." ಅವರು ಉಸಿರೆಳೆದುಕೊಂಡರು. "ಕೋಪ ಇದೆ ತಂಗಿ, ಇಲ್ಲ ಅನ್ನಲ್ಲ. ಆದ್ರೆ ಹೊಸ ಟಿಕೆಟ್ಟು ಹರಿದು ಕೈಗಿಡೋವಾಗ ಹತ್ತಲ್ಲ ಅನ್ನೋಕೆ ನನಗೇನು ಹುಚ್ಚಾ? ಹಾಕ್ರೀ ಉಪ್ಪು!"

ಚಿಕ್ಕ ಡಾಕ್ಟರು ಬಿಳಿ ಬಿಲ್ಲೆಯ ಮೇಲೆ ಒಂದು ಹನಿ ಇಟ್ಟು ಉಪ್ಪುನೀರು ಬೆರೆಸಿದರು. ಕೋಣೆಯಲ್ಲಿದ್ದ ಎಲ್ಲರೂ ಎಷ್ಟು ಬಿಗಿಯಾಗಿ ಉಸಿರು ಹಿಡಿದರೆಂದರೆ ಕಿಟಕಿಯ ಪರದೆ ಒಳಕ್ಕೆ ಬಾಗಿತು. ಬೀಗದಣ್ಣನ ಕೀಲಿಗಳೂ ಸದ್ದು ಮಾಡಲಿಲ್ಲ.

ಹನಿ ಕೆಂಪಗೇ ಉಳಿಯಿತು.

"ಪಂಚನಾಮೆಗೆ ಸೇರಿಸು," ಎಂದರು ಸುತ್ತಿಗೆ. "ಪಂಚರ ಸಮಕ್ಷಮ ಉಪ್ಪು ಹಾಕಲಾಯಿತು, ಬಣ್ಣ ಬದಲಾಗಲಿಲ್ಲ." ದೊಡ್ಡ ಡಾಕ್ಟರು ಬಿಲ್ಲೆಯನ್ನು ಬೆಳಕಿಗೆ ಹಿಡಿದು ಎರಡು ಸಲ ನೋಡಿದರು. ಬಳಿಕ ತಾವೇ ಸೂಜಿ ತರಲು ಹೋದರು. ಔಷಧಿ ಕಂಡಕ್ಟರ ನರಕ್ಕೆ ಇಳಿದು ಮುಗಿದ ಮೇಲೆ ದಸ್ತಗಿರಿಯಾಯಿತು.

ಜೀಪಿನ ಹತ್ತಿರ ಸುತ್ತಿಗೆ ಎರಡು ದಿನದಿಂದ ಮಡಿಚಿಟ್ಟುಕೊಂಡಿದ್ದನ್ನು ಬಿಚ್ಚಿದರು.

"ಕಂಡಕ್ಟರ ಸೀಸೆಗೆ ಬತ್ತಲೆ ಚಿನ್ನ ಯಾಕೆ ತುಂಬಿದೆ? ಬಣ್ಣದ ನೀರು ಕೈಯಲ್ಲೇ ಇತ್ತು. ಅದನ್ನ ತುಂಬಿದ್ರೆ ಉಪ್ಪಿಗೂ ಗೊತ್ತಾಗ್ತಿರಲಿಲ್ಲ, ನನಗೂ ಗೊತ್ತಾಗ್ತಿರಲಿಲ್ಲ. ಯಾವ ಕಾಲಕ್ಕೂ ಸಿಕ್ಕಿಬೀಳ್ತಿರಲಿಲ್ಲ ನೀನು."

"ಅದಕ್ಕೇ ತುಂಬಲಿಲ್ಲ," ಎಂದಳು ದರ್ಜಿ. "ಔಷಧಿ ಬಿತ್ತು ಅಂತ ನಂಬ್ಕೊಂಡು ಅವರು ಮಲಗಿರಬೇಕಿತ್ತಾ? ಹನಿ ನೀಲಿ ಆಗ್ಲೇಬೇಕಿತ್ತು. ಕದ್ದಿದ್ದೀನಿ ಮೇಡಂ. ಮೋಸ ಮಾಡಿಲ್ಲ."

ಅಷ್ಟರಲ್ಲಿ ಆಸ್ಪತ್ರೆಯ ಮೆಟ್ಟಿಲ ಮೇಲೆ ಈಜು ಕಲಿಸುವವಳು ಬಂದು ನಿಂತಳು. ವಾರ್ಡಿನಲ್ಲಿ ಸುದ್ದಿ ಸೂಜಿಗಿಂತ ಬೇಗ ಇಳಿಯುತ್ತದೆ. ಅವಳು ಬಂದು ತಂಗಿಯ ಕೆನ್ನೆಗೆ ಒಂದು ಏಟು ಕೊಟ್ಟಳು. ಏಣಿ ತಡೆಯಲು ಹೋದ, ಸುತ್ತಿಗೆ ಅವನ ತೋಳು ಹಿಡಿದರು.

"ಯಾರೇ ನಿನ್ನ ಕೇಳಿದ್ದು?" ದನಿ ಬರಲಿಲ್ಲ, ಬರೀ ಗಾಳಿ ಬಂತು.

"ನೀನೇ," ಎಂದಳು ದರ್ಜಿ. "ಚಿಕ್ಕೋಳಿದ್ದಾಗ ಕೊಳಕ್ಕೆ ತಳ್ಳಿ ಏನು ಹೇಳಿದ್ದೆ? ಮುಳುಗ್ತಿರೋರನ್ನ ಕಂಡರೆ ದಡದಲ್ಲಿ ನಿಂತು ಲೆಕ್ಕ ಹಾಕಬೇಡ, ಧುಮುಕು ಅಂತ ಹೇಳ್ಲಿಲ್ವಾ?"

ಅಕ್ಕ ತಾನು ಹೊದ್ದಿದ್ದ ಹೊದಿಕೆ ತೆಗೆದು ತಂಗಿಯ ಭುಜಕ್ಕೆ ಹಾಕಿ, ಕೋಳದ ಮೇಲೂ ಎಳೆದು ಮುಚ್ಚಿದಳು.

ವರದಿಯಲ್ಲಿ 'ಅಪರಾಧಕ್ಕೆ ಕಾರಣ' ಎಂಬ ಕಡೆ ಅಂದು ಸಂಜೆ ಸುತ್ತಿಗೆ ಬರೆದದ್ದು ಒಂದೇ ಸಾಲು: 'ಆರೋಪಿಗೆ ಈಜು ಬರುತ್ತದೆ.' ಮೇಲಿನವರು ಅದಕ್ಕೆ ವಿವರಣೆ ಕೇಳಿ ಕಾಗದ ಕಳಿಸಿದರು. ಸುತ್ತಿಗೆ ಉತ್ತರ ಕೊಡಲಿಲ್ಲ.

ಅದೆಲ್ಲ ಆಮೇಲಿನ ಮಾತು. ಜೀಪು ಗೇಟು ದಾಟುವಾಗ ಹಿಂದಿನಿಂದ ಸೀಟಿ ಕೇಳಿಸಿತು. ಊರಿನ ಈಜುಕೊಳದಲ್ಲಿದ್ದ ನೀರೆಲ್ಲ ಎದ್ದು ನಿಲ್ಲುವಂಥ ಉದ್ದನೆಯ ಸೀಟಿ. ಅದು ಮುಗಿಯುವ ಮೊದಲೇ ಗಂಡಸರ ವಾರ್ಡಿನ ಕಿಟಕಿಯಿಂದ ಒಡಕು ದನಿಯೊಂದು ಗಂಟಲು ಹರಿಯುವಂತೆ ಕೂಗಿತು:

"ರೈಟ್! ರೈಟ್!"

ದರ್ಜಿ ಬೆನ್ನು ನೆಟ್ಟಗೆ ಮಾಡಿಕೊಂಡು ಕುಳಿತಳು.